ಫೋಟೋಗಳಲ್ಲಿ ಕಥೆ ಹೇಳೋದು: ಪದೇ ಪದೇ ಕೇಳೋ ಪ್ರಶ್ನೆಗಳು

ಕ್ಯಾಮೆರಾ ಹಿಡಿಯೋದು ಗೊತ್ತು, ಎಕ್ಸ್‌ಪೋಶರ್ ಗೊತ್ತು, ಫೋಟೋನೂ ಚೆನ್ನಾಗೇ ಬರುತ್ತೆ, ಆದ್ರೆ ನೋಡಿದವ್ರು "ಸೂಪರ್" ಅಂತ ಹೇಳಿ ಮುಂದಕ್ಕೆ ಸ್ಕ್ರೋಲ್ ಮಾಡ್ಕೊಂಡು ಹೋಗ್ತಾರೆ ಅನ್ನೋರಿಗೆ ಇದು. ಉತ್ತರಗಳಲ್ಲಿ ನನ್ನ ಪಕ್ಷಪಾತಾನೂ ಇದೆ, ನೋಡ್ಕೊಂಡು ತಗೊಳ್ಳಿ.

ಚಂದದ ಫೋಟೋಗೂ ಕಥೆ ಹೇಳೋ ಫೋಟೋಗೂ ಏನು ವ್ಯತ್ಯಾಸ?

ಚಂದದ ಫೋಟೋ ನೋಡಿದ್ರೆ ಕಣ್ಣಿಗೆ ಖುಷಿ, ಅಲ್ಲಿಗೆ ಮುಗೀತು. ಕಥೆ ಇರೋ ಫೋಟೋ ನೋಡಿದ್ರೆ ಇದಕ್ಕೆ ಮುಂಚೆ ಏನಾಯ್ತು, ಇದಾದ್ಮೇಲೆ ಏನಾಗುತ್ತೆ ಅಂತ ತಲೆ ಓಡೋಕೆ ಶುರು ಆಗುತ್ತೆ. ಸೂರ್ಯ ಮುಳುಗೋ ಫೋಟೋ ನೋಡಿ ಮುಂಚೆ ಏನಾಯ್ತು ಅಂತ ಯಾರೂ ಕೇಳಲ್ಲ. ಅದೇ ಒಂದು ಖಾಲಿ ಕುರ್ಚಿ, ಅದ್ರ ಮೇಲೆ ಕವುಚಿಟ್ಟ ಪುಸ್ತಕ, ನೆಲದ ಮೇಲೆ ಒಂದೇ ಒಂದು ಚಪ್ಪಲಿ ಇದ್ರೆ, ಇನ್ನೊಂದು ಚಪ್ಪಲಿ ಎಲ್ಲೋಯ್ತು, ಎದ್ದೋದವ್ರಿಗೆ ಏನಪ್ಪಾ ಅಷ್ಟು ಅವಸರ ಅಂತ ನೋಡೋರೇ ಕಥೆ ಕಟ್ಕೋತಾರೆ. ನೀವು ಸುಳಿವು ಕೊಟ್ರೆ ಸಾಕು, ಮಿಕ್ಕಿದ್ದು ಅವ್ರ ಕೆಲ್ಸ. ಎಲ್ಲಾನೂ ನೀವೇ ತೋರ್ಸಿಬಿಟ್ರೆ ಅವ್ರಿಗೆ ಮಾಡೋಕೆ ಏನೂ ಉಳಿಯಲ್ಲ.

ಒಂದೇ ಫೋಟೋದಲ್ಲಿ ಕಥೆ ಹೇಳೋಕಾಗಲ್ವಾ? ಸರಣಿನೇ ಬೇಕಾ?

ಆಗುತ್ತೆ, ಆದ್ರೆ ಕಷ್ಟ. ಫ್ರೆಂಚ್ ಫೋಟೋಗ್ರಾಫರ್ ಕಾರ್ಟಿಯೇ ಬ್ರೆಸೋಂ 1932ರಲ್ಲಿ ಪ್ಯಾರಿಸ್‌ನ ಸೇಂಟ್ ಲಜಾರ್ ರೈಲ್ವೆ ಸ್ಟೇಷನ್ ಹಿಂದೆ ತೆಗ್ದ ಫೋಟೋ ನೀವೆಲ್ಲ ನೋಡಿರ್ತೀರ, ನೀರು ನಿಂತಿರೋ ಜಾಗದ ಮೇಲೆ ಒಬ್ಬ ಜಿಗೀತಿರ್ತಾನೆ, ಹಿಮ್ಮಡಿ ನೀರಿಗೆ ಇನ್ನೂ ತಾಗಿಲ್ಲ, ಇನ್ನೇನು ತಾಗ್ಬೇಕು ಅಷ್ಟೇ. ಆ ಒಂದು ಇಂಚು ಜಾಗದಲ್ಲೇ ಇಡೀ ಕಥೆ ಇದೆ. ಅವನು ಕಾಲೂರಿ ಆದ್ಮೇಲೆ ತೆಗ್ದಿದ್ರೆ ಒದ್ದೆ ಆದ ಒಬ್ಬ ಮನುಷ್ಯನ ಫೋಟೋ ಆಗ್ತಿತ್ತು, ಅಷ್ಟೇ.

ಆದ್ರೆ ಏನೋ ಒಂದು ಬದಲಾಯ್ತು ಅಂತ ತೋರ್ಸ್ಬೇಕಂದ್ರೆ ಕಡಿಮೆ ಅಂದ್ರೂ ಎರಡು ಫೋಟೋ ಬೇಕು. ಅಮೆರಿಕದ ಫೋಟೋಗ್ರಾಫರ್ ನಿಕೋಲಸ್ ನಿಕ್ಸನ್ 1975ರಿಂದ ತನ್ನ ಹೆಂಡತಿ ಮತ್ತೆ ಅವಳ ಮೂರು ಜನ ಅಕ್ಕತಂಗೀರನ್ನ ವರ್ಷಕ್ಕೊಂದು ಫೋಟೋ ಅಂತ ದಶಕಗಟ್ಟಲೆ ತೆಗ್ದ, ನಿಲ್ಲೋ ಕ್ರಮ ಪ್ರತಿ ಸಲ ಅದೇ. ಯಾವುದೋ ಒಂದನ್ನ ಕಿತ್ತು ನೋಡಿದ್ರೆ ನಾಲ್ಕು ಜನ ಹೆಂಗಸ್ರು ನಿಂತಿದಾರೆ. ಸಾಲಾಗಿ ಇಟ್ಟು ನೋಡಿದ್ರೆ ಯಾರು ಯಾರ ಹೆಗಲ ಮೇಲೆ ಕೈ ಹಾಕಿದ್ರು, ಯಾರು ಸ್ವಲ್ಪ ದೂರ ಸರಿದ್ರು, ವಯಸ್ಸು ಹೆಂಗೆ ಬಂತು ಅನ್ನೋದು ಒಂದು ಮಾತೂ ಇಲ್ದೆ ಗೊತ್ತಾಗುತ್ತೆ.

ಹೊಸಬ್ರಿಗೆ ನಾನು ಹೇಳೋದು, ಐದರಿಂದ ಎಂಟು ಫೋಟೋದ ಸಣ್ಣ ಸರಣಿಯಿಂದ ಶುರು ಮಾಡಿ.

ಇದಕ್ಕೆ ಯಾವ ಕ್ಯಾಮೆರಾ ತಗೊಳ್ಲಿ?

ಈಗ ಕೈಯಲ್ಲಿರೋದು. ಫೋನ್ ಆದ್ರೂ ನಡಿಯುತ್ತೆ. ಲೆನ್ಸ್ ಬದಲಾಯಿಸೋ ಕ್ಯಾಮೆರಾ ಇದ್ರೆ ಝೂಮ್ ಇಲ್ಲದ 35 ಇಲ್ಲಾ 50 ಎಂಎಂ ಲೆನ್ಸ್ ಒಂದನ್ನೇ ಹಾಕ್ಕೊಂಡು ಆ ಪ್ರಾಜೆಕ್ಟ್ ಮುಗಿಯೋವರ್ಗೂ ಅದನ್ನ ಬಿಚ್ಚಬೇಡಿ. ಝೂಮ್ ಇದ್ರೆ ನಾವು ನಿಂತಲ್ಲೇ ನಿಂತ್ಬಿಡ್ತೀವಿ, ಇಲ್ದಿದ್ರೆ ಕಾಲು ಎತ್ತಿ ಹತ್ರ ಹೋಗ್ಬೇಕಾಗುತ್ತೆ, ಹತ್ರ ಹೋದ್ರೆ ಮಾತಾಡ್ಬೇಕಾಗುತ್ತೆ, ಮಾತಾಡಿದ್ರೆ ತಾನೇ ಕಥೆ ಸಿಗೋದು.

ನನ್ನ ಸುತ್ತ ಕಥೆನೇ ಇಲ್ಲ, ವಿಷಯ ಎಲ್ಲಿಂದ ತರೋದು?

ಈ ಪ್ರಶ್ನೆ ಎಲ್ಲಕ್ಕಿಂತ ಜಾಸ್ತಿ ಬರುತ್ತೆ. ನಾನು ನೋಡಿದ ಹಾಗೆ ಜನಕ್ಕೆ ಕಥೆ ಸಿಗದೇ ಇರೋದಲ್ಲ ಸಮಸ್ಯೆ, ತುಂಬಾ ದೊಡ್ಡದನ್ನ ಹುಡುಕ್ತಾರೆ. "ವೃದ್ಧಾಪ್ಯ", "ಒಂಟಿತನ", "ದುಡಿಮೆ" ಇವೆಲ್ಲ ವಿಷಯ ಮಾತ್ರ. ಕಥೆ ಆಗ್ಬೇಕಂದ್ರೆ ಒಂದು ವಾಕ್ಯ ಬೇಕು, ವಾಕ್ಯದಲ್ಲಿ ಒಬ್ರು ಇರ್ಬೇಕು, ಅವ್ರಿಗೆ ಏನೋ ಬೇಕಾಗಿರ್ಬೇಕು, ಅದಕ್ಕೆ ಏನೋ ಅಡ್ಡ ಬರ್ತಿರ್ಬೇಕು. "ಅಜ್ಜಿಗೆ ಕಣ್ಣು ಮಂಜಾಗಿದೆ, ಆದ್ರೂ ಸೂಜಿಗೆ ದಾರ ತಾನೇ ಪೋಣಿಸ್ಬೇಕು ಅಂತ ಹಠ." ಇದು ಕಥೆ. ಇದನ್ನ ಬರ್ಕೊಂಡ ತಕ್ಷಣ ಯಾವ ಫೋಟೋ ಬೇಕು ಅಂತ ಅರ್ಧ ಗೊತ್ತಾಗಿಬಿಡುತ್ತೆ ನೋಡಿ: ದಾರದ ತುದಿಯನ್ನ ತುಟಿಗೆ ಇಟ್ಟು ಒದ್ದೆ ಮಾಡೋದು, ಸೂಜಿನ ಕಿಟಕಿ ಬೆಳಕಿಗೆ ಎತ್ತಿ ಹಿಡಿಯೋದು, ಒಂದು ಕಣ್ಣು ಮುಚ್ಚಿ ಇನ್ನೊಂದು ಕಿರಿದು ಮಾಡೋದು, ದಾರ ಪಕ್ಕಕ್ಕೆ ಜಾರಿದಾಗ ಮುಖದಲ್ಲಿ ಬರೋ ಸಿಟ್ಟು, ಬಾಗಿಲಲ್ಲಿ ನಿಂತು "ನಾನು ಹಾಕ್ಕೊಡ್ಲಾ ಅಜ್ಜಿ" ಅನ್ನೋಕೆ ಬಂದು ಸುಮ್ಮನಾದ ಮೊಮ್ಮಗಳು.

ಇನ್ನೊಂದು ಮುಖ್ಯ. ಮತ್ತೆ ಮತ್ತೆ ಹೋಗೋಕಾಗೋ ಜಾಗ, ಜನ ಆಯ್ಕೆ ಮಾಡ್ಕೊಳ್ಳಿ. ದೂರದ ಊರಿಗೆ ಹೋಗಿ ಒಂದು ಮಧ್ಯಾಹ್ನದಲ್ಲಿ ತೆಗೆದ ಫೋಟೋಗಳು ಪ್ರವಾಸಿಗನ ಫೋಟೋ ಥರಾನೇ ಇರ್ತವೆ, ಎಷ್ಟೇ ಬಣ್ಣ ಬಂದಿರ್ಲಿ.

ಒಂದು ಕಥೆಗೆ ಯಾವ ಯಾವ ಥರದ ಶಾಟ್ ಬೇಕು?

ಫೋಟೋ ಕಥೆಗಳಿಗೆ ಹೆಸರಾಗಿದ್ದ ಅಮೆರಿಕದ ಲೈಫ್ ಮ್ಯಾಗಜೀನ್ ಕಾಲದಿಂದ ಬಂದಿರೋ ಒಂದು ಪಟ್ಟಿ ಇದೆ: ಜಾಗ ಪೂರ್ತಿ ಕಾಣೋ ಶಾಟ್, ಮಧ್ಯಮ ದೂರದ್ದು, ತೀರಾ ಹತ್ರದ ಡೀಟೇಲ್, ಪೋರ್ಟ್ರೇಟ್, ಇಬ್ರ ಮಧ್ಯೆ ನಡಿಯೋ ಒಡನಾಟ, ಒಂದು ಕೆಲ್ಸ ಹಂತ ಹಂತವಾಗಿ, ಇಡೀ ಕಥೆನ ಒಂದರಲ್ಲೇ ಹೇಳೋ ಫೋಟೋ, ಕೊನೆಗೆ ಮುಗಿಸೋ ಫೋಟೋ. ಪಟ್ಟಿ ಒಳ್ಳೇದೇ, ಆದ್ರೆ ರೇಷನ್ ಸಾಮಾನು ಟಿಕ್ ಹಾಕೋ ಹಾಗೆ ಒಂದೊಂದೇ ತೆಗೀತಾ ಹೋದ್ರೆ ಎಲ್ಲರ ಕಥೆನೂ ಒಂದೇ ಥರ ಆಗುತ್ತೆ. ಮನೆಗೆ ಬಂದು ನೋಡಿದಾಗ ಏನು ಬಿಟ್ಟೋಯ್ತು ಅಂತ ಪರೀಕ್ಷೆ ಮಾಡೋಕೆ ಇದನ್ನ ಬಳಸಿ, ಅಲ್ಲಿದ್ದಾಗ ಮರ್ತುಬಿಡಿ.

ಒಂದು ಉದಾಹರಣೆ ತಗೊಳ್ಳೋಣ, ಯಾರೋ ತುಂಬಾ ವರ್ಷ ಇದ್ದ ಮನೆ ಖಾಲಿ ಮಾಡ್ತಿದಾರೆ. ಎಲ್ರೂ ಮೊದ್ಲು ತೆಗಿಯೋದು ರಟ್ಟಿನ ಡಬ್ಬಗಳ ರಾಶಿ. ಅದು ಇರ್ಲಿ, ಬೇಕು, ಜಾಗ ಗೊತ್ತಾಗ್ಬೇಕಲ್ಲ. ಆದ್ರೆ ಗೋಡೆ ನೋಡಿ. ಕ್ಯಾಲೆಂಡರ್ ನೇತು ಹಾಕಿದ್ದ ಜಾಗದಲ್ಲಿ ಬಣ್ಣ ಮಾಸದೇ ಚೌಕಾಕಾರದಲ್ಲಿ ಹೊಸದಾಗೇ ಉಳ್ದಿರುತ್ತೆ, ಬಾಗಿಲ ಚೌಕಟ್ಟಿನ ಮೇಲೆ ಮಕ್ಕಳ ಎತ್ತರ ಅಳ್ದು ಪೆನ್ಸಿಲ್‌ನಲ್ಲಿ ಎಳ್ದ ಗೆರೆ ಇರುತ್ತೆ, ಸ್ವಿಚ್ ಸುತ್ತ ಕೈ ಜಿಡ್ಡಿನ ಕಪ್ಪು. ಇವು ಡೀಟೇಲ್. ಆಮೇಲೆ ಜನ: ಬಿಸಾಡೋಕೆ ಅಂತ ಎತ್ಕೊಂಡ ವಸ್ತುನ ಎರಡು ಸಲ ಡಬ್ಬಕ್ಕೆ ಹಾಕಿ ಎರಡು ಸಲ ಹೊರಗೆ ತೆಗಿಯೋ ಕೈ. ಆ ಹಿಂಜರಿಕೆ ಸಿಕ್ರೆ ನಿಮ್ಮ ಕಥೆಯ ಬೆನ್ನೆಲುಬು ಸಿಕ್ತು ಅಂತ ಲೆಕ್ಕ, ಡಬ್ಬದ ರಾಶಿ ಇಲ್ದಿದ್ರೂ ನಡಿಯುತ್ತೆ.

ರೂಲ್ ಆಫ್ ಥರ್ಡ್ಸ್, ಲೀಡಿಂಗ್ ಲೈನ್ಸ್ ಎಲ್ಲಾ ಪಾಲಿಸ್ಬೇಕಾ?

ಫ್ರೇಮ್‌ನ ಮೂರು ಭಾಗ ಮಾಡಿ ಆ ಗೆರೆ ಮೇಲೆ ವಿಷಯ ಇಡೋದು, ಕಣ್ಣನ್ನ ವಿಷಯದ ಕಡೆ ಎಳ್ಕೊಂಡು ಹೋಗೋ ಗೆರೆ ಹುಡುಕೋದು, ಇವನ್ನೆಲ್ಲ ಕಲೀರಿ, ಆಮೇಲೆ ತಲೆ ಕೆಡಿಸ್ಕೋಬೇಡಿ. ಕಥೆಗೆ ಅದಕ್ಕಿಂತ ಕೆಲ್ಸಕ್ಕೆ ಬರೋದು ಫ್ರೇಮ್‌ನ ನಾಲ್ಕು ಅಂಚು. ಅಂಚಲ್ಲಿ ಏನಿದೆ, ಏನು ಅರ್ಧ ಕಟ್ ಆಗಿದೆ, ಏನನ್ನ ಬೇಕು ಅಂತಾನೇ ಹೊರಗಿಟ್ರಿ? ಒಬ್ರು ಫ್ರೇಮ್ ಹೊರಗೆ ಏನನ್ನೋ ನೋಡ್ತಿದ್ರೆ ಅದೇನು ಅನ್ನೋ ಕುತೂಹಲ ತಾನಾಗೇ ಹುಟ್ಟುತ್ತೆ. ಇಬ್ರು ಒಂದೇ ಸೋಫಾದ ಎರಡು ತುದೀಲಿ ಕೂತಿದ್ರೆ ಮಧ್ಯದ ಖಾಲಿ ಜಾಗಾನ ಕ್ರಾಪ್ ಮಾಡ್ಬೇಡಿ, ಫೋಟೋದಲ್ಲಿ ಮಾತಾಡ್ತಿರೋದೇ ಅದು. ಇನ್ನು ಹಿಂದೆ ಏನಿದೆ ಅಂತ ನೋಡಿ. ಎಲ್ಲಾದಕ್ಕೂ ಬ್ಯಾಕ್‌ಗ್ರೌಂಡ್ ಬ್ಲರ್ ಮಾಡೋ ಚಟ ಇದ್ಯಲ್ಲ, ಅದು ಕಥೆಗೆ ದೊಡ್ಡ ಶತ್ರು ಅನ್ಸುತ್ತೆ ನಂಗೆ. ಲೆನ್ಸ್ ಕಿಂಡಿ ಅಗಲವಾಗಿ ತೆರೆಯೋ ಎಫ್/1.8ರಲ್ಲಿ ಮುಖ ಬೆಣ್ಣೆ ಹಾಗೆ ಬರುತ್ತೆ ನಿಜ, ಆದ್ರೆ ಆ ಮನುಷ್ಯ ಎಲ್ಲಿದಾನೆ, ಏನು ಮಾಡ್ತಿದಾನೆ ಅನ್ನೋದೆಲ್ಲ ಅಳಿಸಿ ಹೋಯ್ತು. ಕಿಂಡಿ ಸಣ್ಣದಾಗೋ ಎಫ್/5.6, ಎಫ್/8 ಕಡೆ ಹೋಗಿ, ಕೋಣೆನೂ ಮಾತಾಡ್ಲಿ.

ಶಟರ್ ಸ್ಪೀಡಿಗೂ ಕಥೆಗೂ ಏನಾದ್ರೂ ಸಂಬಂಧ ಇದ್ಯಾ?

ಇದೆ. ಶಟರ್ 1/500 ಸೆಕೆಂಡ್ ಮಾತ್ರ ತೆರೆದಿದ್ರೆ ಓಡೋ ಮಗು ಗಾಳೀಲಿ ಕಲ್ಲಾಗಿ ನಿಲ್ಲುತ್ತೆ, ಅದೇ ಮಗುನ 1/15ರಲ್ಲಿ ತೆಗ್ದ್ರೆ ಮಗು ಕರಗಿ ಅವಸರ ಮಾತ್ರ ಉಳಿಯುತ್ತೆ. ಗಡಿಬಿಡಿ ಮಧ್ಯೆ ಒಬ್ರು ಸುಮ್ನೆ ನಿಂತಿದಾರೆ ಅಂತ ತೋರ್ಸೋಕೆ ಕ್ಯಾಮೆರಾನ ಎಲ್ಲಾದ್ರೂ ಊರಿ ನಿಧಾನದ ಶಟರ್ ಇಡಿ, ಸುತ್ತ ಓಡಾಡೋರು ಮಸುಕಾಗ್ತಾರೆ, ನಿಂತಿರೋರು ಮಾತ್ರ ಸ್ಪಷ್ಟ. ಶಾರ್ಪ್ ಆಗಿಲ್ಲ ಅಂತ ಒಳ್ಳೆ ಫೋಟೋ ಬಿಸಾಡೋರನ್ನ ಕಂಡ್ರೆ ನನಗೆ ಹೊಟ್ಟೆ ಉರಿಯುತ್ತೆ.

ಕ್ಯಾಮೆರಾ ಎತ್ತಿದ ತಕ್ಷಣ ಎಲ್ರೂ ಪೋಸ್ ಕೊಡ್ತಾರೆ, ಏನ್ ಮಾಡೋದು?

ಕೊಡ್ಲಿ. ಆ ಫೋಟೋನೂ ತೆಗೀರಿ, ಸ್ಕ್ರೀನ್‌ನಲ್ಲಿ ತೋರ್ಸಿ, ಖುಷಿ ಪಡ್ಲಿ, ಆಮೇಲೆ ಅಲ್ಲೇ ಇರಿ. ಮನುಷ್ಯ ಎಷ್ಟು ಹೊತ್ತು ಅಂತ ಪೋಸ್ ಕೊಡೋಕಾಗುತ್ತೆ, ಬೇಜಾರಾಗಿ ತನ್ನ ಕೆಲ್ಸಕ್ಕೆ ವಾಪಸ್ ಹೋಗ್ತಾನೆ. ಅಲ್ಲಿಂದ ನಿಮ್ಮ ಕೆಲ್ಸ ಶುರು.

ಡಬ್ಲ್ಯೂ. ಯೂಜೀನ್ ಸ್ಮಿತ್ 1948ರಲ್ಲಿ ಲೈಫ್ ಮ್ಯಾಗಜೀನ್‌ಗೋಸ್ಕರ ಅಮೆರಿಕದ ಕೊಲೊರಾಡೋದಲ್ಲಿ ಕ್ರೆಮ್ಲಿಂಗ್ ಅನ್ನೋ ಸಣ್ಣ ಊರಿನ ಡಾಕ್ಟರ್ ಅರ್ನೆಸ್ಟ್ ಸೆರಿಯಾನಿ ಹಿಂದೆ 23 ದಿನ ನೆರಳಿನ ಹಾಗೆ ಇದ್ದ. ಶುರುವಿನಲ್ಲಿ ಕ್ಯಾಮೆರಾಗೆ ಫಿಲ್ಮೇ ಹಾಕಿರ್ಲಿಲ್ಲ, ಸುಮ್ನೆ ಕ್ಲಿಕ್ ಅನ್ಸ್ತಿದ್ದ, ಡಾಕ್ಟರ್‌ಗೆ ಆ ಸದ್ದು ಅಭ್ಯಾಸ ಆಗ್ಲಿ ಅಂತ. ಅದಾದ್ಮೇಲೇ ತಾನೇ ರಾತ್ರಿ ಆಪರೇಷನ್ ಮುಗ್ಸಿ, ತಲೆಗೆ ಹಾಕಿದ ಬಟ್ಟೆನೂ ಬಿಚ್ಚದೆ, ಅಡುಗೆಮನೆ ಕಟ್ಟೆಗೆ ಒರಗಿ ಒಂದು ಕೈಯಲ್ಲಿ ಕಾಫಿ ಇನ್ನೊಂದರಲ್ಲಿ ಸಿಗರೇಟ್ ಹಿಡ್ಕೊಂಡು ಸೋತು ನಿಂತಿರೋ ಡಾಕ್ಟರ್ ಫೋಟೋ ಸಿಕ್ಕಿದ್ದು. ಮೊದಲನೇ ದಿನ ಹೋದವನ ಮುಂದೆ ಯಾವ ಡಾಕ್ಟರೂ ಹಾಗೆ ನಿಲ್ಲಲ್ಲ.

ಕೇಳದೆ ಫೋಟೋ ತೆಗೀಬಹುದಾ?

ಒಂದೊಂದು ದೇಶದಲ್ಲಿ ಕಾನೂನು ಒಂದೊಂದು ಥರ, ನಿಮ್ಮಲ್ಲಿ ಏನಿದೆ ನೋಡ್ಕೊಳ್ಳಿ. ಆದ್ರೆ ಕಥೆ ಮಾಡ್ತೀವಿ ಅಂದ್ಮೇಲೆ ಒಬ್ಬರ ಬದುಕಿನೊಳಗೆ ಹೋಗ್ತಿದೀವಿ, ಕೇಳದೆ ಹೆಂಗೆ ಹೋಗೋದು. ಏನು ಮಾಡ್ತಿದೀರ, ಎಲ್ಲಿ ಹಾಕ್ತೀರ ಅಂತ ಹೇಳಿ, ಬೇಡ ಅಂದ್ರೆ ಬಿಟ್ಬಿಡಿ, ಮೊದ್ಲು ಒಪ್ಪಿ ಆಮೇಲೆ ಬೇಡ ಅಂದ್ರೂ ಬಿಟ್ಬಿಡಿ. ಮಕ್ಕಳಾದ್ರೆ ಮನೆಯವ್ರನ್ನ ಕೇಳಿ. ಆಸ್ಪತ್ರೆ, ಸಾವಿನ ಮನೆ ಇಂಥ ಕಡೆ ಅನುಮಾನ ಬಂದ್ರೆ ಕ್ಯಾಮೆರಾ ಕೆಳಗಿಡಿ.

ಡೊರೊಥಿಯಾ ಲ್ಯಾಂಗ್ 1936ರಲ್ಲಿ ಕ್ಯಾಲಿಫೋರ್ನಿಯಾದ ಕೂಲಿಗಳ ಕ್ಯಾಂಪಲ್ಲಿ ತೆಗ್ದ ತಾಯಿ ಮಕ್ಕಳ ಫೋಟೋ ಪ್ರಪಂಚಕ್ಕೇ ಗೊತ್ತು, ಆ ತಾಯಿ ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಅಂತ ಲೋಕಕ್ಕೆ ಗೊತ್ತಾಗಿದ್ದು 1978ರಲ್ಲಿ. ಅದ್ರಿಂದ ತನಗೆ ಒಂದು ಕಾಸೂ ಸಿಗ್ಲಿಲ್ಲ ಅಂತ ಆಕೆ ಬೇಜಾರು ಮಾಡ್ಕೊಂಡಿದ್ರು. ಫೋಟೋ ಎಷ್ಟೇ ದೊಡ್ಡದಿರ್ಲಿ, ಹೆಸರು ಕೇಳ್ಕೊಂಡು ಬರೋಕೆ ಎರಡು ನಿಮಿಷ ಸಾಕು, ಆಮೇಲೆ ಒಂದು ಪ್ರಿಂಟ್ ಕೊಟ್ಟು ಬರೋದಕ್ಕೂ ಅಷ್ಟೇನೂ ಕಷ್ಟ ಇಲ್ಲ.

ನಾನೇ "ಹಿಂಗೆ ನಿಂತ್ಕೊಳ್ಳಿ, ಅತ್ತ ನೋಡಿ" ಅಂದ್ರೆ ಅದು ಮೋಸನಾ?

ನೀವು ಅದನ್ನ ಏನಂತ ಹೇಳಿ ತೋರಿಸ್ತೀರ ಅನ್ನೋದ್ರ ಮೇಲೆ ಹೋಗುತ್ತೆ. ಡ್ಯುವೇನ್ ಮೈಕಲ್ಸ್ 1960ರ ದಶಕದಿಂದ ಪೂರ್ತಿ ನಟನೆ ಮಾಡ್ಸಿ ನಾಟಕದ ಥರ ಫೋಟೋ ಸರಣಿ ಮಾಡಿದಾನೆ, ಅಂಚಲ್ಲಿ ಕೈಬರಹದಲ್ಲಿ ಸಾಲುಗಳನ್ನೂ ಬರ್ದಿದಾನೆ, ಅದ್ರಲ್ಲಿ ಮುಚ್ಚುಮರೆ ಏನಿಲ್ಲ, ಕಲ್ಪನೆ ಅಂತ ನೋಡಿದ್ರೇ ಗೊತ್ತಾಗುತ್ತೆ. ಅದೇ ಡಾಕ್ಯುಮೆಂಟರಿ ಅಂತ ಹೇಳ್ಕೊಂಡು ಸನ್ನಿವೇಶ ಸೃಷ್ಟಿ ಮಾಡಿದ್ರೆ ಅದು ಸುಳ್ಳು. 2015ರಲ್ಲಿ ವರ್ಲ್ಡ್ ಪ್ರೆಸ್ ಫೋಟೋ ಸ್ಪರ್ಧೇಲಿ ಬೆಲ್ಜಿಯಂನ ಶಾರ್ಲ್ರುವಾ ಊರಿನ ಕಥೆ ಅಂತ ಮೊದಲ ಬಹುಮಾನ ಗೆದ್ದಿದ್ದ ಸರಣಿಯ ಒಂದು ಫೋಟೋ ಆ ಊರಲ್ಲೇ ತೆಗ್ದಿದ್ದಲ್ಲ ಅಂತ ಗೊತ್ತಾಗಿ ಬಹುಮಾನ ವಾಪಸ್ ತಗೊಂಡ್ರು. ಎಡಿಟಿಂಗಿಗೂ ಇದೇ ಲೆಕ್ಕ: ಬೆಳಕು ಕತ್ತಲೆ ಸರಿ ಮಾಡಿ, ಬಣ್ಣ ಸರಿ ಮಾಡಿ, ನಿಜ ಅಂತ ಹೇಳ್ತಿರೋ ಫೋಟೋದಿಂದ ಏನನ್ನೂ ಅಳಿಸ್ಬೇಡಿ, ಸೇರಿಸ್ಬೇಡಿ.

400 ಫೋಟೋ ಆಗಿದೆ, ಎಲ್ಲಾನೂ ಇಷ್ಟ. ಹೆಂಗೆ ಆರಿಸ್ಲಿ?

ಕಥೆ ಹುಟ್ಟೋದು ಇಲ್ಲಿ. ಅಲ್ಲಿವರೆಗೂ ನಿಮ್ಹತ್ರ ಇರೋದು ಬರೀ ಸಾಮಾನು.

ರಾಬರ್ಟ್ ಫ್ರಾಂಕ್ 1955ರಲ್ಲಿ ಫೆಲೋಶಿಪ್ ದುಡ್ಡಲ್ಲಿ ಅಮೆರಿಕ ಸುತ್ತೋಕೆ ಹೊರಟು ಸುಮಾರು 28,000 ಫೋಟೋ ತೆಗ್ದ, 1958ರಲ್ಲಿ ಪ್ಯಾರಿಸ್‌ನಲ್ಲಿ ಬಂದ ಪುಸ್ತಕದಲ್ಲಿ ಉಳಿದಿದ್ದು 83. ಅಂದ್ರೆ ಮುನ್ನೂರಕ್ಕೂ ಜಾಸ್ತಿ ತೆಗ್ದಲ್ಲಿ ಒಂದು. ನಾವು ಹದಿನೈದು ತೆಗ್ದು ಹನ್ನೆರಡು ಹಾಕ್ತೀವಿ.

ನಾನು ಮಾಡೋದು ಹೇಳ್ತೀನಿ. ತೆಗ್ದ ದಿನಾನೇ ಆರಿಸೋಕೆ ಕೂರಲ್ಲ, ಯಾಕಂದ್ರೆ ಆವತ್ತು ಪಟ್ಟ ಕಷ್ಟ ತಲೇಲಿರುತ್ತೆ, ಮಳೇಲಿ ನೆಂದು ತೆಗ್ದಿದ್ದು ಅನ್ನೋ ಕಾರಣಕ್ಕೆ ಫೋಟೋ ಚೆನ್ನಾಗಿದೆ ಅನ್ಸುತ್ತೆ, ನೋಡೋರಿಗೆ ನೀವು ನೆಂದಿದ್ದು ಹೆಂಗೆ ಗೊತ್ತಾಗ್ಬೇಕು? ಒಂದಷ್ಟು ದಿನ ಬಿಟ್ಟು ಕೂತು ಮೊದ್ಲು ಏನಂತಾನೇ ಗೊತ್ತಾಗದಷ್ಟು ಅಸ್ಪಷ್ಟವಾದ್ದು, ಒಂದೇ ಥರದ್ದು ಪಕ್ಕಕ್ಕಿಟ್ಟು ಒಂದು ಮೂವತ್ತು ನಲವತ್ತಕ್ಕೆ ಇಳಿಸ್ತೀನಿ. ಅವುಗಳ ಸಣ್ಣ ಪ್ರಿಂಟ್ ಹಾಕ್ಸಿ ನೆಲದ ಮೇಲೆ ಹರಡ್ತೀನಿ, ಸ್ಕ್ರೀನ್‌ನಲ್ಲಿ ಒಂದಾದ್ಮೇಲೊಂದು ನೋಡೋದಕ್ಕೂ ಎಲ್ಲಾ ಒಟ್ಟಿಗೆ ಕಣ್ಮುಂದೆ ಇರೋದಕ್ಕೂ ಅಜಗಜಾಂತರ. ಆಮೇಲೆ ಒಂದೊಂದನ್ನೇ ಎತ್ತಿ ಪಕ್ಕಕ್ಕಿಟ್ಟು ಕೇಳ್ಕೊಳ್ಳೋದು: ಇದಿಲ್ದಿದ್ರೆ ಕಥೆಗೆ ಏನಾದ್ರೂ ಕಮ್ಮಿ ಆಯ್ತಾ? ಆಗ್ಲಿಲ್ಲ ಅಂದ್ರೆ ಹೋಯ್ತು. ಇಲ್ಲಿ ನೋವಾಗುತ್ತೆ, ಯಾಕಂದ್ರೆ ಮೊದ್ಲು ಹೋಗ್ಬೇಕಾಗಿರೋದು ಸಾಮಾನ್ಯವಾಗಿ ನಿಮ್ಮ ಅತ್ಯಂತ ಚಂದದ ಫೋಟೋನೇ. ಅದು ಅಕ್ಕಪಕ್ಕದ ಎಲ್ಲಾ ಫೋಟೋಗಳ ಬಾಯಿ ಮುಚ್ಚಿಸಿಬಿಡುತ್ತೆ. ಅದನ್ನ ಫ್ರೇಮ್ ಹಾಕ್ಸಿ ಗೋಡೆಗೆ ತೂಗಾಕಿ ಬೇಕಾದ್ರೆ, ಸರಣಿಯಿಂದ ತೆಗೀರಿ.

ಯಾವ ಕ್ರಮದಲ್ಲಿ ಜೋಡಿಸ್ಬೇಕು? ನಡೆದ ಕ್ರಮದಲ್ಲೇ ಇಡ್ಬೇಕಾ?

ಕಡ್ಡಾಯ ಏನಿಲ್ಲ. ಸುಮಾರು ನೂರು ವರ್ಷದ ಹಿಂದೆ ರಷ್ಯಾದ ಸಿನಿಮಾ ನಿರ್ದೇಶಕ ಲೆವ್ ಕುಲೆಶೋವ್ ಒಂದು ಪ್ರಯೋಗ ಮಾಡಿದ, ನಟನೊಬ್ಬನ ಭಾವನೆ ಇಲ್ಲದ ಒಂದೇ ಮುಖನ ಸೂಪಿನ ಬಟ್ಟಲು, ಶವಪೆಟ್ಟಿಗೆ ಇಂಥವುಗಳ ಪಕ್ಕ ಇಟ್ಟು ತೋರ್ಸಿದ. ನೋಡಿದವ್ರು ಒಂದರಲ್ಲಿ ಹಸಿವು ಕಂಡ್ರು, ಇನ್ನೊಂದರಲ್ಲಿ ದುಃಖ ಕಂಡ್ರು, ಮುಖ ಮಾತ್ರ ಅದೇ. ಅವನು ಮಾಡಿದ್ದು ಸಿನಿಮಾದಲ್ಲಿ, ಆದ್ರೆ ಪಕ್ಕಪಕ್ಕ ಇಟ್ಟ ಎರಡು ಫೋಟೋಲೂ ಆಗೋದು ಇದೇ.

ಹಾಗಾಗಿ ಮೊದಲನೇ ಫೋಟೋದಲ್ಲಿ ಪ್ರಶ್ನೆ ಇರ್ಲಿ, ಎಲ್ಲಾ ಉತ್ತರ ಅಲ್ಲೇ ಕೊಡ್ಬೇಡಿ. ಸತತ ಮೂರು ಮುಖ ಇಟ್ರೆ ಕಣ್ಣು ದಣಿಯುತ್ತೆ, ಮಧ್ಯೆ ಒಂದು ಖಾಲಿ ಕೋಣೆನೋ ಕೈನೋ ತನ್ನಿ. ಒಂದು ಫೋಟೋದ ಆಕಾರ, ಬಣ್ಣ ಮುಂದಿನದಕ್ಕೆ ಕೈ ಚಾಚೋ ಹಾಗಿದ್ರೆ ಇನ್ನೂ ಒಳ್ಳೇದು, ದುಂಡಗಿನ ಕನ್ನಡಕ ಆದ್ಮೇಲೆ ದುಂಡಗಿನ ಗಡಿಯಾರ, ಹಿಂಗೆ. ಜಾಸ್ತಿ ಮಾಡಿದ್ರೆ ಚಮತ್ಕಾರ ಆಗೋಗುತ್ತೆ, ಹುಷಾರು.

ಕ್ಯಾಪ್ಶನ್ ಹಾಕ್ಲಾ ಬೇಡ್ವಾ?

ಫೋಟೋದಲ್ಲಿ ಕಾಣದೇ ಇರೋದನ್ನ ಬರೀರಿ: ಯಾರು, ಎಲ್ಲಿ, ಯಾವಾಗ, ಎಷ್ಟು ವರ್ಷದಿಂದ. "ಅಜ್ಜಿ ಚಿಂತೆಯಲ್ಲಿ ಮುಳುಗಿದ್ದಾರೆ" ಅಂತ ಬರೀಬೇಡಿ, ಕಾಣ್ತಿದ್ಯಲ್ಲ, ಕಾಣದಿದ್ರೆ ಬರ್ದೂ ಪ್ರಯೋಜನ ಇಲ್ಲ.

ಬ್ಲ್ಯಾಕ್ ಅಂಡ್ ವೈಟ್ ಮಾಡಿದ್ರೆ ಕಥೆ ಥರ ಕಾಣುತ್ತಲ್ವಾ?

ಹಳೇದರ ಥರ ಕಾಣುತ್ತೆ, ಅಷ್ಟೇ. ಬಣ್ಣ ಗಮನ ಕದೀತಿದ್ರೆ ತೆಗೀರಿ. ಒಂದು ಸರಣಿಗೆ ಒಂದೇ ತೀರ್ಮಾನ ಮಾಡಿ, ಅರ್ಧ ಬಣ್ಣ ಅರ್ಧ ಕಪ್ಪುಬಿಳುಪು ಕಲಸುಮೇಲೋಗರ ಬೇಡ.

ಕೆಲ್ಸದ ಮಧ್ಯೆ ಟೈಮ್ ಇಲ್ಲ, ದಿನಾ ಮಾಡೋ ಥರ ಪ್ರಾಕ್ಟೀಸ್ ಹೇಳಿ

ಮನೇಲಿ ಒಬ್ರನ್ನ ಮುಖ ತೋರಿಸ್ದೆ ಐದು ಫೋಟೋದಲ್ಲಿ ಪರಿಚಯ ಮಾಡಿ. ಅವ್ರ ಕೈ, ಚಪ್ಪಲಿ, ಮೇಜಿನ ಮೇಲೆ ವಸ್ತು ಇಡೋ ರೀತಿ, ಹಾಸಿಗೇಲಿ ಬಿದ್ದಿರೋ ತಗ್ಗು. ಪರಿಚಯ ಇರೋರು ನೋಡಿ ಹೆಸರು ಹೇಳಿದ್ರೆ ನೀವು ಗೆದ್ರಿ.

ಇನ್ನೊಂದು, ಒಂದೇ ಕಿಟಕಿನ ಒಂದು ವಾರ ಬೇರೆ ಬೇರೆ ಹೊತ್ತಲ್ಲಿ ತೆಗೀರಿ, ಮೂರನೇ ದಿನ ತೆಗಿಯೋಕೆ ಏನೂ ಇಲ್ಲ ಅನ್ಸುತ್ತೆ, ಆಮೇಲಿಂದಾನೇ ನಿಜವಾಗ್ಲೂ ನೋಡೋಕೆ ಶುರು ಮಾಡೋದು. ಫೋನಲ್ಲಿರೋ ಹಳೇ ಫೋಟೋಗಳಲ್ಲಿ ಸಂಬಂಧ ಇಲ್ಲದ ಆರು ಆರಿಸಿ ಕ್ರಮ ಬದಲಾಯಿಸ್ತಾ ಎರಡು ಬೇರೆ ಬೇರೆ ಕಥೆ ಮಾಡೋದೂ ಒಳ್ಳೆ ಆಟ, ಬಸ್ಸಲ್ಲಿ ಕೂತೇ ಮಾಡ್ಬಹುದು.

ನನ್ನ ಸರಣಿ ಚೆನ್ನಾಗಿದ್ಯಾ ಅಂತ ಹೆಂಗೆ ತಿಳ್ಕೊಳ್ಳೋದು?

ಲೈಕ್ ಎಣಿಸ್ಬೇಡಿ. ಫೋಟೋಗ್ರಫಿ ಗಂಧಗಾಳಿ ಇಲ್ಲದ ಒಬ್ರ ಮುಂದೆ ಪ್ರಿಂಟ್ ಇಟ್ಟು ನೀವು ಬಾಯಿ ಮುಚ್ಕೊಂಡು ಕೂರಿ, ಇದು ಕಷ್ಟ, ವಿವರಣೆ ಕೊಡೋಕೆ ನಾಲಿಗೆ ತುರಿಸುತ್ತೆ. "ಚೆನ್ನಾಗಿದ್ಯಾ" ಅಂತ ಕೇಳಿದ್ರೆ ಚೆನ್ನಾಗಿದೆ ಅಂತಾರೆ, ಅದ್ರ ಬದ್ಲು "ಇಲ್ಲಿ ಏನು ನಡೀತಿದೆ" ಅಂತ ಕೇಳಿ. ಯಾವ ಫೋಟೋದಲ್ಲಿ ನಿಂತ್ರು, ಯಾವುದನ್ನ ಸರಕ್ಕನೆ ದಾಟಿದ್ರು, ಯಾವುದಕ್ಕೆ ಹಿಂದಕ್ಕೆ ವಾಪಸ್ ಬಂದ್ರು ನೋಡಿ. ನೀವಂದ್ಕೊಂಡ ಕಥೆಗಿಂತ ಬೇರೇದೇ ಹೇಳಿದ್ರೆ ವಾದ ಮಾಡ್ಬೇಡಿ, ಎಷ್ಟೋ ಸಲ ಅವ್ರು ಹೇಳಿದ್ದೇ ಜಾಸ್ತಿ ಚೆನ್ನಾಗಿರುತ್ತೆ. ಏನೂ ಅರ್ಥ ಆಗ್ಲಿಲ್ಲ ಅಂದ್ರೆ ಒಂದು ಫೋಟೋ ಎಲ್ಲೋ ಮಿಸ್ ಆಗಿದೆ, ಅದನ್ನ ತೆಗಿಯೋಕೆ ಮತ್ತೆ ಅದೇ ಮನೆಗೆ ಹೋಗ್ಬೇಕು, ಹೆಂಗೂ ಪ್ರಿಂಟ್ ಕೊಡೋದು ಬಾಕಿ ಇರುತ್ತಲ್ಲ.